ಹಬ್ಬದ ಉಡುಗೊರೆ ಹೊಲಿಯಲು ಮೇಜಿನ ಮೇಲಿಡುವ ಹೊಲಿಗೆ ಯಂತ್ರ: ಬಳಸಿ ನೋಡಿದ ಮೇಲಿನ ಅಭಿಪ್ರಾಯ

ಹಬ್ಬಕ್ಕೆ ಆಪ್ತರಿಗೆ ಕೈಯಾರೆ ಏನಾದರೂ ಹೊಲಿದು ಕೊಡಬೇಕೆಂದು ಹೊರಟ ಹವ್ಯಾಸಿಗೆ ಅಂಗಡಿಯವರು ಸಾಮಾನ್ಯವಾಗಿ ಮೊದಲು ತೋರಿಸುವುದು ಮೇಜಿನ ಮೇಲಿಟ್ಟು ಪೆಡಲ್ ಒತ್ತಿ ನಡೆಸುವ, ಗಣಕದ ಪರದೆಯಿಲ್ಲದ ಸರಳ ವಿದ್ಯುತ್ ಹೊಲಿಗೆ ಯಂತ್ರವನ್ನು. ಇಂಥ ಯಂತ್ರಗಳು ಯಾವ ಕಂಪನಿಯವಾದರೂ ರಚನೆಯಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ನಾನು ಬಳಸುತ್ತಿರುವುದರ ಹೆಸರನ್ನು ಬದಿಗಿಟ್ಟು, ಉಡುಗೊರೆಯ ಕೆಲಸಕ್ಕೆ ಅದು ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಚೀಲ, ದಿಂಬಿನ ಕವರ್, ಏಪ್ರನ್‌ಗಳಿಗೆ ಇದು ಧಾರಾಳವಾಗಿ ಸಾಕು. ದಪ್ಪ ಪದರಗಳ ಕೆಲಸಕ್ಕೆ ಮಾತ್ರ ತಿಣುಕುತ್ತದೆ.

ಇಪ್ಪತ್ತು, ಮೂವತ್ತು ಬಗೆಯ ಹೊಲಿಗೆಗಳಿವೆ ಎಂಬ ಪೆಟ್ಟಿಗೆಯ ಮೇಲಿನ ಜಾಹೀರಾತಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ನೇರ ಹೊಲಿಗೆ, ಬಟ್ಟೆಯ ಅಂಚು ಬಿಡದಂತೆ ಹಿಡಿಯುವ ಜಿಗ್‌ಜಾಗ್, ಅಪರೂಪಕ್ಕೆ ಗುಂಡಿಯ ಕಾಜಾ, ಇಷ್ಟರಲ್ಲೇ ನನ್ನ ಕೆಲಸವೆಲ್ಲ ಮುಗಿಯುತ್ತದೆ. ಎಲೆ, ಅಲೆ, ಏಣಿಗಳ ಅಲಂಕಾರಿಕ ಮಾದರಿಗಳು ಗುಂಡಿ ತಿರುಗಿಸಿ ಒಮ್ಮೆ ನೋಡಿ ಸಂತೋಷಪಡುವುದಕ್ಕಷ್ಟೇ. ಕೊಳ್ಳುವಾಗ ಪರೀಕ್ಷಿಸಬೇಕಾದದ್ದು ಪೆಡಲನ್ನು ಮೆಲ್ಲಗೆ ಒತ್ತಿದಾಗ ಯಂತ್ರ ಒಂದೊಂದೇ ಹೊಲಿಗೆ ಹಾಕುತ್ತದೆಯೇ, ಅಥವಾ ಒಮ್ಮೆಲೇ ಓಟ ಕೀಳುತ್ತದೆಯೇ ಎಂಬುದನ್ನು. ಚೀಲದ ಮೂಲೆಗೆ ಬಂದು, ಸೂಜಿಯನ್ನು ಬಟ್ಟೆಯೊಳಗೇ ಇಳಿಸಿ ನಿಲ್ಲಿಸಿ, ಬಟ್ಟೆಯನ್ನು ಒತ್ತಿಹಿಡಿಯುವ ಯಂತ್ರದ ಪಾದವನ್ನು (ಪ್ರೆಸರ್ ಫೂಟ್) ಎತ್ತಿ ಬಟ್ಟೆಯನ್ನು ತಿರುಗಿಸಬೇಕಾದಾಗ ಈ ನಿಧಾನದ ಬೆಲೆ ತಿಳಿಯುತ್ತದೆ. ನನ್ನ ಯಂತ್ರ ಈ ವಿಷಯದಲ್ಲಿ ನಿರಾಸೆ ಮಾಡಿಲ್ಲ.

ಕೆಳಗಿನ ದಾರ ಸುತ್ತಿದ ಪುಟ್ಟ ಉರುಳೆ, ಅಂದರೆ ಬಾಬಿನ್, ಮೇಲಿನಿಂದ ಕೂರುವುದೂ ಅದರ ಮುಚ್ಚಳ ಪಾರದರ್ಶಕವಾಗಿರುವುದೂ ನಿಜವಾದ ಅನುಕೂಲಗಳು, ಏಕೆಂದರೆ ಕೆಳಗಿನ ದಾರ ಎಷ್ಟು ಉಳಿದಿದೆ ಎಂಬುದು ಹೊಲಿಯುತ್ತಿರುವಾಗಲೇ ಕಣ್ಣಿಗೆ ಬೀಳುತ್ತದೆ. ಆದರೆ ಜೊತೆಗೆ ಬರುವ ಕೈಪಿಡಿ ಒಂದು ಮುಖ್ಯ ಸಂಗತಿಯನ್ನು ಚಿಕ್ಕ ಅಕ್ಷರಗಳಲ್ಲಿ ಮುಗಿಸಿಬಿಟ್ಟಿದೆ: ಮೇಲಿನ ದಾರ ಪೋಣಿಸುವಾಗ ಪ್ರೆಸರ್ ಫೂಟ್ ಮೇಲೆತ್ತಿರಬೇಕು. ಪಾದ ಮೇಲಿದ್ದಾಗ ದಾರವನ್ನು ಬಿಗಿಹಿಡಿಯುವ ಟೆನ್ಷನ್ ಬಿಲ್ಲೆಗಳು ತೆರೆದುಕೊಂಡು ದಾರ ಅವುಗಳ ನಡುವೆ ಸರಿಯಾಗಿ ಕೂರುತ್ತದೆ. ಪಾದ ಕೆಳಗಿದ್ದರೆ ಬಿಲ್ಲೆಗಳು ಬಿಗಿದುಕೊಂಡಿರುವುದರಿಂದ ದಾರ ಹೊರಗೇ ಉಳಿದು, ಮೇಲೆ ಚೆನ್ನಾಗಿ ಕಾಣುವ ಹೊಲಿಗೆ ಬಟ್ಟೆಯ ಅಡಿಯಲ್ಲಿ ಕುಣಿಕೆಗಳ ಗೋಜಲಾಗುತ್ತದೆ. ಗೋಜಲು ಕಾಣುವುದು ಕೆಳಗಾದ್ದರಿಂದ ಹೊಸಬರು ಬಾಬಿನ್ನನ್ನೇ ದೂರುತ್ತಾರೆ, ದೋಷವಿರುವುದು ಬಹುಪಾಲು ಮೇಲಿನ ದಾರದಲ್ಲಿ.

ಸೂಜಿಯ ಬಗ್ಗೆಯೂ ಒಂದು ಮಾತು. ಯಂತ್ರದಲ್ಲಿ ಮೊದಲೇ ಕೂರಿಸಿ ಕೊಡುವುದು ಸಾಮಾನ್ಯವಾಗಿ 90/14 ಸೂಜಿ. 90 ಎಂದರೆ ಸೂಜಿಯ ದಪ್ಪ 0.9 ಮಿಲಿಮೀಟರ್, 14 ಅದೇ ದಪ್ಪಕ್ಕೆ ಅಮೆರಿಕದ ಅಳತೆಯ ಸಂಖ್ಯೆ. ಮಧ್ಯಮ ದಪ್ಪದ ಹತ್ತಿಬಟ್ಟೆಗೆ ಅದೂ 2.5 ಮಿಲಿಮೀಟರ್ ಉದ್ದದ ಹೊಲಿಗೆಯೂ ಹೊಂದುತ್ತವೆ. ಜೀನ್ಸ್ ಬಟ್ಟೆಯ ಚೀಲಕ್ಕೆ 100/16 ಬೇಕು, ಅದನ್ನು ಬೇರೆಯೇ ಕೊಳ್ಳಬೇಕು.

ಯಂತ್ರದ ಮಿತಿ ಬಯಲಾಗುವುದು ಬಿಸಿ ಪಾತ್ರೆ ಹಿಡಿಯುವ ಮೆತ್ತೆಯಂಥ ವಸ್ತುಗಳಲ್ಲಿ. ಎರಡು ಪದರ ಬಟ್ಟೆ, ನಡುವೆ ಶಾಖ ತಡೆಯುವ ಹಾಸು, ಸುತ್ತಲೂ ಮಡಿಚಿದ ಪಟ್ಟಿ, ಇವೆಲ್ಲ ಸೇರುವ ಮೂಲೆಯಲ್ಲಿ ಪಾದ ಓರೆಯಾಗಿ ನಿಂತು ಬಟ್ಟೆ ಮುಂದಕ್ಕೆ ಸರಿಯುವುದೇ ಇಲ್ಲ, ಮೋಟಾರು ಮಾತ್ರ ಗುಂಯ್‌ಗುಡುತ್ತದೆ. ಪಾದದ ಹಿಂಭಾಗದಡಿ ಅಷ್ಟೇ ದಪ್ಪಕ್ಕೆ ಮಡಿಚಿದ ಚಿಂದಿಯೊಂದನ್ನಿಟ್ಟು ಪಾದವನ್ನು ಸಮಮಾಡಿ, ಪಕ್ಕದ ಚಕ್ರವನ್ನು ಕೈಯಿಂದ ನಮ್ಮ ಕಡೆಗೆ ತಿರುಗಿಸುತ್ತ ನಾಲ್ಕಾರು ಹೊಲಿಗೆ ದಾಟಿಸಿದರೆ ಕೆಲಸ ಸಾಗುತ್ತದೆ. ಒಂದೆರಡು ಮೆತ್ತೆಗಳಿಗೆ ಈ ಉಪಾಯ ಸರಿ. ಬಂಧುಬಳಗಕ್ಕೆಲ್ಲ ಹಂಚುವ ಯೋಚನೆಯಿದ್ದರೆ ತಾಳ್ಮೆ ಕೆಡುತ್ತದೆ.

ಜಿಪ್ ಹೊಲಿಯುವ ಪಾದವನ್ನು ಯಂತ್ರದೊಂದಿಗೇ ಕೊಟ್ಟಿರುವುದು ಒಳ್ಳೆಯದಾಯಿತು, ಪುಟ್ಟ ಪರ್ಸುಗಳಿಗೆ ಅದಿಲ್ಲದೆ ಆಗದು. ಕಾಜಾ ನಾಲ್ಕು ಹಂತಗಳಲ್ಲಿ ಆಗುತ್ತದೆ, ಎರಡು ಬದಿಗಳೂ ಒಂದೇ ಸಮ ಬರುವುದು ಕಷ್ಟ. ದಿಂಬಿನ ಕವರಿಗೆ ಗುಂಡಿಯ ಬದಲು ಹಿಂಬದಿಯಲ್ಲಿ ಎರಡು ತುಂಡುಗಳನ್ನು ಒಂದರ ಮೇಲೊಂದು ಬರುವಂತೆ ಬಿಟ್ಟು ಹೊಲಿದರೆ ಆ ಗೊಡವೆಯೇ ಇಲ್ಲ. ಜೊತೆಗೆ ಬರುವ ಬಣ್ಣಬಣ್ಣದ ಪುಟ್ಟ ದಾರದುಂಡೆಗಳನ್ನು ಮಾತ್ರ ಉಡುಗೊರೆಗೆ ಬಳಸಬಾರದು. ಜಗ್ಗಿದರೆ ತುಂಡಾಗುವ ಆ ದಾರದಿಂದ ಹೊಲಿದ ಚೀಲದ ಹಿಡಿ, ಪಡೆದವರು ಭಾರ ಹಾಕಿದ ಮೊದಲ ದಿನವೇ ಬಿಟ್ಟುಕೊಳ್ಳಬಹುದು. ಒಳ್ಳೆಯ ಪಾಲಿಯೆಸ್ಟರ್ ದಾರವನ್ನು ಯಂತ್ರದೊಂದಿಗೇ ಕೊಂಡು, ಹಿಡಿ ಕೂರುವಲ್ಲಿ ಚೌಕ ಹೊಲಿದು ಅದರೊಳಗೆ ಗುಣಾಕಾರದ ಗುರುತಿನಂತೆ ಅಡ್ಡಹೊಲಿಗೆ ಹಾಕುವುದು ಮೇಲು.