ಗ್ಲೆನ್‌ಫಿಡಿಕ್ ಕೊಳ್ಳಲೋ, ಲಫ್ರೋಯ್ಗ್ ಕೊಳ್ಳಲೋ?

ಎರಡೂ ಸ್ಕಾಟ್ಲೆಂಡಿನ ವಿಸ್ಕಿಗಳು. ಗ್ಲೆನ್‌ಫಿಡಿಕ್ ಅಲ್ಲಿನ ಡಫ್‌ಟೌನ್ ಊರಿನದು. ವಿಲಿಯಂ ಗ್ರಾಂಟ್ ಮಕ್ಕಳೊಂದಿಗೆ ಕಟ್ಟಿದ ಭಟ್ಟಿಯಿಂದ ಮೊದಲ ಹನಿ ಇಳಿದದ್ದು 1887ರ ಕ್ರಿಸ್‌ಮಸ್ ದಿನ. ಒಡೆತನ ಇಂದಿಗೂ ಅದೇ ಮನೆತನದ್ದು. 12 ವರ್ಷ ಮಾಗಿಸಿದ ವಿಸ್ಕಿಯಲ್ಲಿ ಪಿಯರ್ ಹಣ್ಣಿನ ಪರಿಮಳ, ಹಗುರ ಸಿಹಿ.

ಐಲಾ ದ್ವೀಪದ ಲಫ್ರೋಯ್ಗ್ (1815ರಲ್ಲಿ ಶುರುವಾದದ್ದು) ಬೇರೆಯೇ ಜಾತಿ. ಇಲ್ಲಿ ಮೊಳಕೆ ಬರಿಸಿದ ಬಾರ್ಲಿಯನ್ನು ಪೀಟ್ ಹೊಗೆಯಲ್ಲಿ ಒಣಗಿಸುತ್ತಾರೆ; ಪೀಟ್ ಎಂದರೆ ಜೌಗುನೆಲದಿಂದ ಕಡಿದು ಒಣಗಿಸಿದ ಹೆಂಟೆ. ಬೇಕಾದ ಮಾಲ್ಟಿನ, ಅಂದರೆ ಹೀಗೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಒಂದು ಪಾಲನ್ನು ಈಗಲೂ ನೆಲದ ಮೇಲೆ ಹರಡಿ ತಾವೇ ತಯಾರಿಸುತ್ತಾರೆ. ಹೊಗೆಯಲ್ಲಿರುವ ಫೀನಾಲ್ ಎಂಬ ರಾಸಾಯನಿಕಗಳಿಂದಾಗಿ ಗಾಯಕ್ಕೆ ಹಚ್ಚುವ ಟಿಂಕ್ಚರ್ ವಾಸನೆ. ಪಾನನಿಷೇಧದ ಅಮೆರಿಕದಲ್ಲಿ ಇದು ಔಷಧಿಯಾಗಿ ಮಾರಾಟವಾದದ್ದರಲ್ಲಿ ಆಶ್ಚರ್ಯವೇನು?

ಮೊದಲ ಸಲ ಕೊಳ್ಳುವವರಿಗೆ, ಉಡುಗೊರೆಗೆ ಗ್ಲೆನ್‌ಫಿಡಿಕ್. ಸೌದೆ ಒಲೆಯ ಹೊಗೆಯನ್ನು ಇಷ್ಟಪಡುವವರು ನೇರವಾಗಿ ಲಫ್ರೋಯ್ಗ್‌ಗೇ ಹೋಗಬಹುದು. ನಾನಂತೂ ಆ ಕಡೆಯವನು.