ಐ20 ಎನ್ ಲೈನ್, ಆಲ್ಟ್ರೋಜ್ ರೇಸರ್, ವರ್ಟಸ್ ಜಿಟಿ: ಮಗನ ಜೊತೆ ಓಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಮನೆಗೆ ಬಂದದ್ದು ಹ್ಯುಂಡೈ ಐ20 ಎನ್ ಲೈನ್, ಅದರಲ್ಲಿ ಎನ್6 ಅನ್ನೋ ಮಾಡೆಲ್, ಮ್ಯಾನುಯಲ್ ಗೇರಿನದ್ದು. ಓಡಿಸುವಾಗ ಜಾಸ್ತಿ ಖುಷಿ ಕೊಟ್ಟದ್ದು ಮಾತ್ರ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ. ಮತ್ತೆ ಅದನ್ನೇ ಯಾಕೆ ತರಲಿಲ್ಲ ಅಂತ ಬಂದವರೆಲ್ಲ ಕೇಳುತ್ತಾರೆ. ಉತ್ತರ ಅರ್ಧ ಕಾರಿನಲ್ಲಿದೆ, ಅರ್ಧ ದುಡ್ಡಿನಲ್ಲಿದೆ.

ನಮ್ಮೂರು ಚಿಕ್ಕಮಗಳೂರು, ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಇಲ್ಲಿ ಬೆಳೆದ ಹುಡುಗರಿಗೆ ಕಾರಿನ ಹುಚ್ಚು ಹತ್ತಿಸೋಕೆ ಬೇರೆ ಏನೂ ಬೇಕಿಲ್ಲ. ಕಾಫಿ ತೋಟದ ಮಣ್ಣು ದಾರಿಯಲ್ಲಿ ಧೂಳೆಬ್ಬಿಸಿಕೊಂಡು ಹೋಗುವ ರ‍್ಯಾಲಿ ಕಾರುಗಳೇ ಸಾಕು. ಕೈಯಲ್ಲಿ ಒಂದಿಷ್ಟು ದುಡ್ಡು ಕೂಡಿದ ಮೇಲೆ, "ಅಮ್ಮ, ಸ್ವಲ್ಪ ನೀನು ಹಾಕು, ಉಳಿದದ್ದು ನಾನು ನೋಡ್ಕೋತೀನಿ" ಅಂದ. ಆಗಲಿ ಅಂದೆ, ಒಂದು ಷರತ್ತಿನ ಮೇಲೆ. ಯೂಟ್ಯೂಬ್ ನೋಡಿ ತೀರ್ಮಾನ ಆಗಬಾರದು. ಪ್ರತಿ ಕಾರನ್ನೂ ಇಬ್ಬರೂ ಓಡಿಸಬೇಕು, ಟ್ರಾಫಿಕ್ಕಿನಲ್ಲೂ ಘಾಟಿಯಲ್ಲೂ. ಮಾರುತಿ 800ರಲ್ಲಿ ಚಾರ್ಮಾಡಿ ಇಳಿದವಳು ನಾನು, ನನಗೂ ಒಂದು ಅಭಿಪ್ರಾಯ ಇರುತ್ತದೆ.

ಶೋರೂಮಿನ ಟೆಸ್ಟ್ ಡ್ರೈವ್ ಇದಕ್ಕೆಲ್ಲ ಸಾಲುವುದಿಲ್ಲ. ನೇರ ರಸ್ತೆಯಲ್ಲಿ ಒಂದು ಸುತ್ತು, ಪಕ್ಕದಲ್ಲಿ ಕೂತ ಹುಡುಗ ಟಚ್ ಸ್ಕ್ರೀನ್ ತೋರಿಸುತ್ತಿರುತ್ತಾನೆ, ಅಷ್ಟರಲ್ಲಿ ಮುಗಿದುಹೋಗುತ್ತದೆ. ಹಾಗಾಗಿ ವರ್ಟಸ್ಸನ್ನು ಸೆಲ್ಫ್ ಡ್ರೈವ್ ಬಾಡಿಗೆಗೆ ತಂದೆವು, ಆ ಕಪ್ಪು ಬೋರ್ಡು ಹಳದಿ ಅಕ್ಷರದ್ದು. ಐ20 ಮಗನ ಸಹೋದ್ಯೋಗಿಯದ್ದು. ಆಲ್ಟ್ರೋಜ್ ರೇಸರ್ ಬೇಲೂರಿನ ನೆಂಟರ ಮನೆಯದ್ದು. ಬಾಡಿಗೆಗೆ ಕೊಟ್ಟ ದುಡ್ಡು ದಂಡ ಅಂತ ನಮ್ಮ ಯಜಮಾನರು ಗೊಣಗಿದರು. ಇಷ್ಟು ದೊಡ್ಡ ಖರ್ಚಿನ ಮುಂದೆ ಅದು ಏನೂ ಅಲ್ಲ.

ವರ್ಟಸ್ ಜಿಟಿಯದ್ದು 1.5 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಎಂಜಿನ್. 150 ಪಿಎಸ್ ಶಕ್ತಿ, 250 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ. ಹಾಸನದ ಹೆದ್ದಾರಿಯಲ್ಲಿ ಲಾರಿಯೊಂದನ್ನು ದಾಟಬೇಕು ಅಂದುಕೊಳ್ಳುವಷ್ಟರಲ್ಲಿ ದಾಟಿ ಆಗಿರುತ್ತದೆ. ಎಂಜಿನ್ ಸದ್ದೇ ಮಾಡುವುದಿಲ್ಲ. ಆರಾಮಾಗಿ ಹೋಗುವಾಗ ನಾಲ್ಕರಲ್ಲಿ ಎರಡು ಸಿಲಿಂಡರ್ ತಾವಾಗಿಯೇ ಮಲಗುತ್ತವೆ, ಪೆಟ್ರೋಲ್ ಉಳಿಸೋಕೆ. ಯಾವಾಗ ಮಲಗಿದವು, ಯಾವಾಗ ಎದ್ದವು ಅಂತ ಕಾಲಿಗೆ ಗೊತ್ತೇ ಆಗಲಿಲ್ಲ. ಡಿಕ್ಕಿ 521 ಲೀಟರ್. ಊರಿನಿಂದ ಅಕ್ಕಿ, ತೆಂಗಿನಕಾಯಿ, ಕಾಫಿಪುಡಿ ಹೇರಿಕೊಂಡು ಹೋಗುವ ನಮ್ಮಂಥವರಿಗೆ ಅದು ಸಣ್ಣ ವಿಷಯ ಅಲ್ಲ. ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಸುರಕ್ಷತೆ ಪರೀಕ್ಷೆಯಲ್ಲಿ 2023ರಲ್ಲಿ ಐದು ಸ್ಟಾರ್ ಬಂದ ಕಾರು. ಇಷ್ಟು ವೇಗದ ಕಾರಿಗೆ ಹಿಂದೆ ಡ್ರಮ್ ಬ್ರೇಕ್ ಯಾಕೆ ಅನ್ನೋದು ಮಾತ್ರ ಮಗನ ತಕರಾರು. ನಿಲ್ಲೋದೇನೋ ಚೆನ್ನಾಗಿಯೇ ನಿಂತಿತು.

ನನ್ನ ತಕರಾರು ಬೇರೆ. ಈ ಕಾರು ಚುರುಕು ತೋರಿಸೋದು ಗಂಟೆಗೆ 100 ಕಿ.ಮೀ. ಆಸುಪಾಸಿನಲ್ಲಿ. ಮೈಸೂರು ಹೆದ್ದಾರಿಯಲ್ಲಿ ಕಾರಿಗೆ 100 ಮಿತಿ, ಮೇಲೆ ಕ್ಯಾಮೆರಾ. 2024ರ ಆಗಸ್ಟ್‌ನಿಂದ ಕರ್ನಾಟಕದಲ್ಲಿ 130 ದಾಟಿದರೆ ಎಫ್‌ಐಆರ್. ಅಂದಮೇಲೆ ಆ ಶಕ್ತಿಯಲ್ಲಿ ಅರ್ಧ ಸುಮ್ನೆ ಬಾನೆಟ್ ಕೆಳಗೆ ಕೂತಿರುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನಿಂತಾಗಲಂತೂ 150 ಪಿಎಸ್ಸೂ ಒಂದೇ, 60 ಪಿಎಸ್ಸೂ ಒಂದೇ.

ಐ20 ಎನ್ ಲೈನ್ ಕಾಗದದ ಮೇಲೆ ಚಿಕ್ಕದು. 998 ಸಿಸಿ, ಮೂರು ಸಿಲಿಂಡರ್, 120 ಪಿಎಸ್, 172 ಎನ್‌ಎಂ. ಆದರೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ತಿರುವುಗಳಿಗೆ ಇಳಿದಾಗ ಮಾತೇ ಬದಲಾಯಿತು. ಮಾಮೂಲಿ ಐ20ಗಿಂತ ಇದರ ಸಸ್ಪೆನ್ಶನ್ ಬಿಗಿ, ಸ್ಟಿಯರಿಂಗ್ ತೂಕ ಜಾಸ್ತಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಎರಡನೇ ಗೇರಿನಲ್ಲಿ ತಿರುವು ಹಿಡಿದು, ಮೂರಕ್ಕೆ ಹಾಕಿ, ಮತ್ತೆ ಎರಡಕ್ಕೆ ಇಳಿಸಿ... ಮೀಟರ್ ನೋಡಿದರೆ 45–50. ಅಷ್ಟಕ್ಕೇ ಮಗನ ಮುಖ ಅರಳಿತ್ತು. ಸೈಲೆನ್ಸರ್ ಸದ್ದೂ ಸ್ವಲ್ಪ ಗಡುಸು, ಹುಡುಗರಿಗೆ ಅದು ಬೇಕಲ್ಲ. (ಕಂಪನಿ ಕೊಟ್ಟ ಸದ್ದೇ ಸಾಕು, ಹೊರಗಡೆ ಬದಲಿಸೋ ಮಾತು ಎತ್ತಬೇಡ ಅಂತ ಆವತ್ತೇ ಹೇಳಿದೆ. ಪೊಲೀಸರ ಕಾಟ ಒಂದು ಕಡೆ, ಇನ್ಶೂರೆನ್ಸ್ ಕ್ಲೇಮಿನ ತಂಟೆ ಇನ್ನೊಂದು ಕಡೆ.)

2,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಕೆಳಗೆ ಇದು ಸ್ವಲ್ಪ ಆಲಸಿ. ಏರಿನಲ್ಲಿ ಗೇರ್ ಇಳಿಸದೆ ಎಳೆಸೋಕೆ ಹೋದರೆ ಮುನಿಸಿಕೊಳ್ಳುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಬಿಗಿ ಸಸ್ಪೆನ್ಶನ್ನಿನ ಫಲ ಸೊಂಟಕ್ಕೆ ಗೊತ್ತಾಗುತ್ತದೆ. ನಡುವಯಸ್ಸು ದಾಟಿದವರು ಹಿಂದೆ ಕೂತು ಬೆಂಗಳೂರಿನಿಂದ ಊರಿನವರೆಗೆ ಬರುವುದಾದರೆ ಹಾಸನದಲ್ಲಿ ಒಂದು ಕಾಫಿ ವಿರಾಮ ಬೇಕೇ ಬೇಕು.

ಟಾಟಾ ಆಲ್ಟ್ರೋಜ್ ರೇಸರ್ ಬಂದದ್ದು 2024ರ ಜೂನ್‌ನಲ್ಲಿ. 1.2 ಲೀಟರ್ ಟರ್ಬೊ, 120 ಪಿಎಸ್, 170 ಎನ್‌ಎಂ, ಆರು ಗೇರಿನ ಮ್ಯಾನುಯಲ್. ಲೆಕ್ಕದಲ್ಲಿ ಐ20ಗೆ ಸರಿಸಮ. ಮೂರರಲ್ಲಿ ನನಗೆ ಹತ್ತಿ ಇಳಿಯೋಕೆ ಸುಲಭ ಅನಿಸಿದ್ದು ಇದೇ. ಬಾಗಿಲು ಪೂರ್ತಿ 90 ಡಿಗ್ರಿ ತೆರೆಯುತ್ತದೆ. ಗುಂಡಿಗಳಲ್ಲೂ ಐ20ಗಿಂತ ಹಗುರಾಗಿ ಹೋಗುತ್ತದೆ. ನೆಂಟರದ್ದು ಮೇಲಿನ ಮಾಡೆಲ್ ಆದ್ದರಿಂದ ಸೀಟಿನಿಂದ ತಣ್ಣನೆ ಗಾಳಿ ಬೇರೆ. ನನ್ನ ಓಟು ಇದಕ್ಕೇ ಬೀಳುತ್ತಿತ್ತು. ಆದರೆ ದಿನಾ ಓಡಿಸುವವಳು ನಾನಲ್ಲ. ಗೇರ್ ಬದಲಿಸುವಾಗ ಐ20ಯಲ್ಲಿ ಸಿಕ್ಕ ಹಿತ ಇದರಲ್ಲಿ ಸಿಗಲಿಲ್ಲ ಅಂದ ಮಗ. ಬಾನೆಟ್ ಮೇಲಿನ ಬಿಳಿ ಪಟ್ಟೆಗಳ ಬಗ್ಗೆ ನಮ್ಮಿಬ್ಬರಿಗೂ ಒಮ್ಮತ: ಬೇಡ.

ಹಳೇ ಪೋಲೊ ಜಿಟಿ ಟಿಎಸ್‌ಐಯನ್ನೂ ನೋಡಿದೆವು, ಯಾಕೆಂದರೆ ಕಾರು ಪ್ರೀತಿಸುವವರೆಲ್ಲ ಅದರ ಹೆಸರು ಹೇಳುತ್ತಾರೆ. ಪೋಲೊ ಭಾರತದಲ್ಲಿ 2022ರಲ್ಲಿ ನಿಂತಿತು. 1.2 ಲೀಟರಿನ ಆ ಜಿಟಿಯಲ್ಲಿ ಏಳು ಗೇರಿನ ಡಿಎಸ್‌ಜಿ ಅನ್ನೋ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದೆ. ಓಡಿಸಲು ಇವತ್ತಿಗೂ ಸೊಗಸು. ಆದರೆ ಅಷ್ಟು ಹಳೆಯ ಡಿಎಸ್‌ಜಿ ಕೈಕೊಟ್ಟರೆ ರಿಪೇರಿ ಬಿಲ್ಲು ದೊಡ್ಡದು. ಇಎಂಐ ಕಟ್ಟುವ ಹುಡುಗನಿಗೆ ಆ ಭಯ ಬೇಡ ಅಂತ ಬಿಟ್ಟೆವು.

ಈಗ ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿಗಿಂತ ಚಿಕ್ಕದಾದ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ. 18. ಐ20 ಈ ಲೆಕ್ಕದಲ್ಲಿ ಬರುತ್ತದೆ. ವರ್ಟಸ್‌ಗೆ ಶೇ. 40. ಅದಕ್ಕೂ ಮುಂಚೆಗಿಂತ ಕಡಿಮೆಯೇ ಆಗಿದೆ, ಆದರೆ ಎರಡರ ನಡುವಿನ ಅಂತರ ಹಿಗ್ಗಿತು.

ಇದಕ್ಕಿಂತ ಮುಖ್ಯವಾದದ್ದು 10 ಲಕ್ಷದ ಗೆರೆ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಜೀವಿತಾವಧಿ ರಸ್ತೆ ತೆರಿಗೆ ಶೇ. 14, 10ರಿಂದ 20 ಲಕ್ಷದ ಕಾರಿಗೆ ಶೇ. 17. ಅದರ ಮೇಲೆ ಶೇ. 11 ಸೆಸ್. 9.9 ಲಕ್ಷದ ಕಾರಿಗೆ ತೆರಿಗೆ ಸುಮಾರು 1.54 ಲಕ್ಷ, 10.1 ಲಕ್ಷದ್ದಕ್ಕೆ 1.91 ಲಕ್ಷ. ಅಂದರೆ 20 ಸಾವಿರ ಜಾಸ್ತಿಯ ಕಾರಿಗೆ 37 ಸಾವಿರ ತೆರಿಗೆ ಜಾಸ್ತಿ! ಜೊತೆಗೆ 10 ಲಕ್ಷ ದಾಟಿದರೆ ಶೇ. 1 ಟಿಸಿಎಸ್ (ಮಾರುವವರೇ ವಸೂಲಿ ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ. ರಿಟರ್ನ್ ಹಾಕುವಾಗ ಅದು ಲೆಕ್ಕಕ್ಕೆ ಸಿಗುತ್ತದೆ, ಆದರೆ ಕಾರು ತರುವ ದಿನ ಕೈಯಿಂದ ಹೋಗುವುದಂತೂ ಹೋಗುತ್ತದೆ. ನಾವು ಐ20ಯ ಮೇಲಿನ ಮಾಡೆಲ್ ಎನ್8 ಬಿಟ್ಟು ಎನ್6 ಹಿಡಿದದ್ದು ಇದಕ್ಕೇ. ಎನ್6 ಮ್ಯಾನುಯಲ್ 10 ಲಕ್ಷದ ಒಳಗಿತ್ತು, ಎನ್8 ಜಿಎಸ್‌ಟಿ ಇಳಿದ ಮೇಲೂ ಒಳಗೆ ಬರಲಿಲ್ಲ. ಎಂಜಿನ್ ಅದೇ. ಬೋಸ್ ಸ್ಪೀಕರ್ ಇಲ್ಲ, ಸ್ಕ್ರೀನ್ ಚಿಕ್ಕದು, ಇಂಥವೇ ಕೆಲವು ವ್ಯತ್ಯಾಸ.

ವರ್ಟಸ್ ಜಿಟಿ ಎಕ್ಸ್-ಶೋರೂಮ್ 17 ಲಕ್ಷ ಅಂತಿಟ್ಟುಕೊಳ್ಳಿ. ರಸ್ತೆ ತೆರಿಗೆಯೇ 3.2 ಲಕ್ಷ. ನಾವಿಬ್ಬರೂ ಸೇರಿ ಕೈಯಿಂದ ಹಾಕಿದರೂ 15 ಲಕ್ಷ ಸಾಲ ಬೇಕಿತ್ತು. ಶೇ. 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳಿಗೆ 31 ಸಾವಿರ. ಐ20ಗೆ ಬೇಕಾದದ್ದು 6 ಲಕ್ಷ, ಐದು ವರ್ಷಕ್ಕೆ ತಿಂಗಳಿಗೆ 12,455. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ಹುಡುಗನಿಗೆ ಇವೆರಡರ ವ್ಯತ್ಯಾಸ ವಿವರಿಸಬೇಕಾಗಿರಲಿಲ್ಲ. ತಾನೇ ಲೆಕ್ಕ ಹಾಕಿ ತಾನೇ ಸುಮ್ಮನಾದ. ಬ್ಯಾಂಕಿನವರು ಏಳು ವರ್ಷ ಮಾಡ್ಕೊಳ್ಳಿ, ತಿಂಗಳಿಗೆ 9,653 ಅಷ್ಟೇ ಅಂದರು. ಬಡ್ಡಿ ಕೂಡಿಸಿ ನೋಡಿದರೆ 2.1 ಲಕ್ಷ. ಮೂರು ವರ್ಷಕ್ಕಾದರೆ ತಿಂಗಳಿಗೆ 19,080, ಬಡ್ಡಿ 87 ಸಾವಿರ. ಅವನು ಐದು ಆರಿಸಿಕೊಂಡ.

ಪೂರ್ತಿ ನಾವೇ ಕೊಟ್ಟುಬಿಡೋಣ, ಎಫ್‌ಡಿ ಮುರಿಸೋಣ, ಇಲ್ಲ ಅದರ ಮೇಲೆ ಸಾಲ ತೆಗೆಯೋಣ ಅಂತ ಇವರು ಹೇಳಿದ್ದುಂಟು. ನಾನು ಒಪ್ಪಲಿಲ್ಲ. ಎಫ್‌ಡಿ ಮೇಲೆ ಸಾಲ ತೆಗೆದರೆ ಬಡ್ಡಿ ಕಡಿಮೆ ನಿಜ, ಆದರೆ ಸಾಲಗಾರರು ನಾವಾಗುತ್ತೇವೆ. ಮಗನ ಹತ್ತಿರ ತಿಂಗಳು ತಿಂಗಳು ದುಡ್ಡು ಕೇಳುವ ಅಮ್ಮ ನಾನಾಗಲಾರೆ, ಆ ಕೆಲಸ ಬ್ಯಾಂಕೇ ಮಾಡಲಿ. ಡೌನ್ ಪೇಮೆಂಟಿನ ನನ್ನ ಪಾಲು, ರಸ್ತೆ ತೆರಿಗೆ, ಮೊದಲ ಇನ್ಶೂರೆನ್ಸ್ ನನ್ನದು. ಇಎಂಐ, ಪೆಟ್ರೋಲ್, ಸರ್ವಿಸ್ ಅವನದು. ನನ್ನ ದುಡ್ಡನ್ನು ಅವನ ಖಾತೆಗೆ ಹಾಕಿ, ಶೋರೂಮಿಗೆ ಅಲ್ಲಿಂದಲೇ ಕಟ್ಟಿಸಿದೆ. ತಂದೆ ತಾಯಿ ಮಕ್ಕಳಿಗೆ ಕೊಟ್ಟ ದುಡ್ಡಿಗೆ ಆದಾಯ ತೆರಿಗೆ ಇಲ್ಲ, ಎಷ್ಟಾದರೂ ಸರಿ. ನಗದು ಮಾತ್ರ ಬೇಡ. 2 ಲಕ್ಷ ಮುಟ್ಟಿದರೆ ಮಾರುವವರು ನಗದಾಗಿ ತೆಗೆದುಕೊಳ್ಳುವಂತಿಲ್ಲ. ಸಾಲಕ್ಕೆ ಜಂಟಿ ಅರ್ಜಿದಾರಳಾಗಿ ಸಹಿ ಹಾಕಿ ಅಂದದ್ದಕ್ಕೂ ಒಲ್ಲೆ ಅಂದೆ. ಅವನ ಸಂಬಳಕ್ಕೇ ಸಾಲ ಸಿಗುವಾಗ ನನ್ನ ಸಿಬಿಲ್ ಸ್ಕೋರು (ಸಾಲ ತೀರಿಸುವ ನಂಬಿಕೆಯ ಅಂಕ) ಯಾಕೆ ಒತ್ತೆ ಇಡಬೇಕು?

ಕಾರು ಯಾರ ಹೆಸರಿಗೆ ಅನ್ನುವಲ್ಲಿ ಮನೆಯಲ್ಲಿ ಸಣ್ಣ ಚರ್ಚೆ ಆಯಿತು. ನಮ್ಮ ಹಳೇ ಕಾರು ಮಾರಿದರೆ ಇವರ ಶೇ. 50 ನೋ ಕ್ಲೇಮ್ ಬೋನಸ್ (ವಿಮೆ ಕ್ಲೇಮ್ ಮಾಡದವರಿಗೆ ಸಿಗುವ ರಿಯಾಯಿತಿ) ಹೊಸ ಪಾಲಿಸಿಗೆ ಬರುತ್ತದೆ, ಆದರೆ ಹೊಸ ಕಾರೂ ಇವರ ಹೆಸರಿನಲ್ಲೇ ಇದ್ದರೆ ಮಾತ್ರ. ಬೋನಸ್ ಇರುವುದು ಮಾಲೀಕರಿಗೆ, ಕಾರಿಗಲ್ಲ. ಮಗನಿಗೆ ಅದು ದಾಟುವುದಿಲ್ಲ. ಆದರೂ ಅವನ ಹೆಸರಿಗೇ ಮಾಡಿಸಿದೆವು. 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರುವುದು ಮಾಲೀಕ-ಚಾಲಕನಿಗೆ. ದಿನಾ ಓಡಿಸುವವನು ಅವನು, ಅದು ಅವನಿಗೇ ಇರಬೇಕಲ್ವಾ?

ಒಂದು ಶೋರೂಮಿನಲ್ಲಿ ಕೊಟೇಶನ್ನಿನಲ್ಲಿ "ಹ್ಯಾಂಡ್ಲಿಂಗ್ ಚಾರ್ಜ್" ಅಂತ ಒಂದು ಸಾಲು ಸೇರಿಸಿದ್ದರು. ಯಾವುದಕ್ಕೆ ಅಂತ ಕೇಳಿದ್ದಕ್ಕೆ ತೆಗೆದರು. ಇನ್ಶೂರೆನ್ಸ್ ನಮ್ಮಲ್ಲೇ ಮಾಡಿಸಬೇಕು ಅಂತಲೂ ಹೇಳಿದರು. ಹಾಗೇನೂ ನಿಯಮ ಇಲ್ಲ. ಹೊರಗೆ ವಿಚಾರಿಸಿ ತಂದ ದರ ತೋರಿಸಿದರೆ ಅವರೂ ಇಳಿಸುತ್ತಾರೆ. ಝೀರೊ ಡೆಪ್ (ಕ್ಲೇಮಿನಲ್ಲಿ ಬಿಡಿಭಾಗಗಳ ಸವಕಳಿ ಕಳೆಯದ ವಿಮೆ) ಇರಲೇಬೇಕು. ಹೊಸ ಕಾರಿಗೆ ರಿಟರ್ನ್ ಟು ಇನ್‌ವಾಯ್ಸ್ (ಕಾರು ಪೂರ್ತಿ ಹೋದರೆ ಬಿಲ್ಲಿನ ಬೆಲೆ ಕೊಡುವ ವಿಮೆ) ಕೂಡ ಸೇರಿಸಿ, ಅದರಲ್ಲೂ ಸಾಲದ ಮೇಲೆ ತಂದಿದ್ದರೆ. ಕಾರು ಪೂರ್ತಿ ಹೋದರೂ ಕಂತು ನಿಲ್ಲುವುದಿಲ್ಲ.

ನಿಮ್ಮ ಮಗ ಅಥವಾ ಮಗಳು ಸ್ವಂತ ಮನೆಯಲ್ಲಿದ್ದು, ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ದೂರ ಓಡಾಡುವವರಾಗಿದ್ದರೆ, 31 ಸಾವಿರ ಕಂತು ಭಾರ ಅನಿಸದಿದ್ದರೆ, ವರ್ಟಸ್ ಜಿಟಿ ಕಣ್ಣು ಮುಚ್ಚಿ ತನ್ನಿ. ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮನೇ ಜಾಸ್ತಿ ಕೂರುವುದಾದರೆ ಆಲ್ಟ್ರೋಜ್ ಓಡಿಸಿ ನೋಡಿ. ನಮ್ಮವನು ತಿಂಗಳಿಗೊಮ್ಮೆ ಒಬ್ಬನೇ ಊರಿಗೆ ಬರುವವನು, ಬಂದ ಮರುದಿನ ಬೆಳಿಗ್ಗೆ ನೀರುದೋಸೆ ನೆಪ ಮಾಡಿಕೊಂಡು ಕೊಟ್ಟಿಗೆಹಾರಕ್ಕೆ ಹೋಗುವವನು. ಅವನಿಗೆ ಐ20 ಸರಿಯಾಗಿದೆ.