ಕುದುರೆ ರೇಸಿನ ಓಟ ಅಳೆಯಲು ಯಾವುದು ವಾಸಿ: ಬೈನಾಕ್ಯುಲರ್, ಸ್ಟಾಪ್‌ವಾಚ್, ಮೊಬೈಲ್ ವಿಡಿಯೊ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬೈನಾಕ್ಯುಲರಿಗೆ. ಅದು ಕೊಟ್ಟ ಕಾಟ ಸಣ್ಣದಲ್ಲ. ಆದರೂ ಓಟದ ನಡುವೆ ಜಾಕಿ, ಅಂದರೆ ಕುದುರೆ ಸವಾರ, ಏನು ಮಾಡುತ್ತಿದ್ದಾನೆ ಅಂತ ಗೊತ್ತಾಗುವುದು ಅದರಲ್ಲೇ.

ನಾನು ತೀರ್ಥಹಳ್ಳಿ ಕಡೆಯವನು. ಶಿವಮೊಗ್ಗಕ್ಕೆ ಬಂದು, ಮೈಸೂರು ರೈಲು ಹತ್ತಿ, ಚಾಮುಂಡಿ ಬೆಟ್ಟದ ಬುಡದಲ್ಲಿರುವ ರೇಸ್‌ಕೋರ್ಸ್ ತಲುಪಬೇಕು. ಅಷ್ಟು ದೂರ ಹೋಗಿ, ಪಕ್ಕದಲ್ಲಿ ನಿಂತವರ ಮಾತು ಕೇಳಿ ಫೇವರಿಟ್ ಮೇಲೆ, ಅಂದರೆ ಗೆಲ್ಲುತ್ತದೆ ಅಂತ ಹೆಚ್ಚು ಜನ ನಂಬಿದ ಕುದುರೆಯ ಮೇಲೆ, ದುಡ್ಡು ಹಾಕುವುದು ನನಗೆ ಒಗ್ಗಲ್ಲ.

ಸ್ಟಾಪ್‌ವಾಚ್ ಲೆಕ್ಕ ಸುಲಭ. ಒಂದು ಫರ್ಲಾಂಗ್, ಅಂದರೆ ಹತ್ತಿರ ಹತ್ತಿರ 200 ಮೀಟರ್, 12 ಸೆಕೆಂಡಿಗೆ ಮುಗಿದರೆ ಹದವಾದ ವೇಗ. 1600 ಮೀಟರ್ ರೇಸಿನಲ್ಲಿ ಮೊದಲ 800 ಮೀಟರಿಗೆ 52 ಸೆಕೆಂಡ್ ಹಿಡಿಯಿತು ಅನ್ನಿ. ಮುಂದಿರುವ ಜಾಕಿ ಓಟ ನಿಧಾನ ಮಾಡಿ ಕುದುರೆಯ ದಮ್ಮು ಉಳಿಸಿಕೊಂಡಿದ್ದಾನೆ, ಹಿಂದಿನವರಿಗೆ ಅವನು ಸಿಗುವುದು ಕಷ್ಟ. ಅದೇ 46ಕ್ಕೆ ಮುಗಿದಿದ್ದರೆ ಕೊನೆಯ ಸ್ಟ್ರೈಟಿನಲ್ಲಿ, ಅಂದರೆ ಗೆಲುವಿನ ಗೆರೆಗೆ ಹೋಗುವ ನೇರ ದಾರಿಯಲ್ಲಿ, ಮುಂದಿನ ಕುದುರೆಗೆ ಏದುಸಿರು. ಅಂಥ ಓಟದಲ್ಲಿ ಮುಂದೆ ಓಡಿಯೂ ಕೂದಲೆಳೆಯಲ್ಲಿ ಸೋತ ಕುದುರೆಯ ಹೆಸರು ನನ್ನ ಡೈರಿಗೆ ಹೋಗುತ್ತದೆ. ಮುಂದಿನ ಸಲ ಅದಕ್ಕೆ ಒಳ್ಳೆ ರೇಟು, ಅಂದರೆ ಗೆದ್ದರೆ ಹಾಕಿದ ದುಡ್ಡಿಗೆ ಹೆಚ್ಚು ಹಣ, ಸಿಗುವುದುಂಟು.

ತೊಂದರೆ ಬೆರಳಿನದು. ಒಂದು ಕುದುರೆ ಉದ್ದದ ಅಂತರ ಅಂದರೆ ಹೆಚ್ಚುಕಮ್ಮಿ 0.2 ಸೆಕೆಂಡ್. ಗುಂಡಿ ಒತ್ತುವಾಗ ತಪ್ಪುವುದೂ ಅಷ್ಟೇ. ಸ್ಟ್ಯಾಂಡಿನಿಂದ ಆಚೆ ಬದಿಯ ದೂರ ತೋರಿಸುವ ಕಂಬಗಳು ಓರೆಯಾಗಿ ಬೇರೆ ಕಾಣುತ್ತವೆ. ಸಿಗುವುದು ಮುಂದಿರುವ ಕುದುರೆಯ ಟೈಮು ಮಾತ್ರ.

ಮುಗಿದ ರೇಸಿನ ವಿಡಿಯೊವನ್ನು ಮೊಬೈಲಿನಲ್ಲಿ ನೋಡುವುದು ಪುಕ್ಕಟೆ, ನಿಲ್ಲಿಸಿ ನಿಲ್ಲಿಸಿ ನೋಡಬಹುದು. ಆದರೆ ಸ್ಟ್ರೈಟ್ ಬಂದ ಕೂಡಲೇ ಕ್ಯಾಮೆರಾ ಮುಂದಿನ ನಾಲ್ಕು ಕುದುರೆಗಳ ಹಿಂದೆ ಬೀಳುತ್ತದೆ. ನನಗೆ ಬೇಕಾದ್ದು ಆರನೆಯದು! ಮಳೆಗಾಲದಲ್ಲಿ ನಮ್ಮೂರಿನ ನೆಟ್‌ವರ್ಕ್ ಬಗ್ಗೆ ಹೇಳುವುದೇ ಬೇಡ.

ಬೈನಾಕ್ಯುಲರಿನಲ್ಲಿ ನಾನು ಒಬ್ಬ ಜಾಕಿಯನ್ನು ಹಿಡಿದರೆ ಮುಗಿಯುವವರೆಗೂ ಬಿಡುವುದಿಲ್ಲ. ಟರ್ನಿಂಗಿನಲ್ಲಿ ಅವನ ಮೊಣಕೈ ಅಲುಗದೆ, ಲಗಾಮು ಬಿಗಿಯಾಗಿದ್ದು, ಕುದುರೆಯೇ ಎಳೆಯುತ್ತಿದ್ದರೆ ಒಳಗೆ ಇನ್ನೂ ಸರಕಿದೆ ಅಂತ ಅರ್ಥ. ಪಕ್ಕದವನು ಆಗಲೇ ಕೈ ಆಡಿಸುತ್ತಾ ಚಾಟಿ ತೆಗೆದಿದ್ದರೆ, ಅವನ ಕುದುರೆ ಫೇವರಿಟ್ ಆದರೂ ಕಥೆ ಮುಗಿಯಿತು. ಯಾರು ಹೊರಗಡೆಯಿಂದ ಸುತ್ತಿ ಬಂದರು ಅನ್ನುವುದೂ ಇದರಲ್ಲೇ ಕಾಣುವುದು. ಅರ್ಧವೃತ್ತದ ತಿರುವಿನಲ್ಲಿ ಒಂದು ಮೀಟರ್ ಆಚೆ ಓಡಿದರೆ ಮೂರು ಮೀಟರಿಗಿಂತ ಸ್ವಲ್ಪ ಜಾಸ್ತಿ ಓಡಿದ ಹಾಗೆ, ಒಂದು ಕುದುರೆ ಉದ್ದಕ್ಕಿಂತ ಹೆಚ್ಚು. ರಿಸಲ್ಟಿನಲ್ಲಿ ಅದು ಬರೀ 'ನಾಲ್ಕನೇ ಸ್ಥಾನ'. ದೇಶದ ದೊಡ್ಡ ರೇಸಾದ ಇಂಡಿಯನ್ ಡರ್ಬಿಯನ್ನು ಜಾಕಿಯಾಗಿ ಎಂಟು ಸಲ ಗೆದ್ದ ಪೇಸಿ ಶ್ರಾಫ್ ಅವರನ್ನು ಹಳಬರು ಇವತ್ತಿಗೂ ನೆನೆಯುತ್ತಾರಲ್ಲ, ಕುದುರೆಯನ್ನು ಎಲ್ಲಿಯವರೆಗೆ ತಡೆದು ಎಲ್ಲಿ ಬಿಡಬೇಕು ಅನ್ನುವ ಲೆಕ್ಕಕ್ಕೇ.

ಈಗ ಕಾಟದ ವಿಷಯ. ಬೂಷ್ಟು! ಬೆಂಗಳೂರಿನ ಬೇಸಿಗೆ ರೇಸು ನೋಡಿ ಬಂದವನು ಬೈನಾಕ್ಯುಲರನ್ನು ಅದರ ರೆಕ್ಸಿನ್ ಚೀಲದಲ್ಲೇ ಬೀರುವಿನಲ್ಲಿಟ್ಟಿದ್ದೆ. ಆಷಾಢ ಕಳೆಯಿತು. ಮೈಸೂರಿನಲ್ಲಿ ಹೊರಗೆ ತೆಗೆದರೆ ಗಾಜಿನ ಒಳಗೆ ಜೇಡರ ಬಲೆಯಂಥ ಎಳೆಗಳು. ಜಾಕಿಯ ಟೋಪಿಯ ಬಣ್ಣ ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ. ಹೊರಗಿನ ಗಾಜಾದರೆ ಒರೆಸಬಹುದು, ಒಳಗಿನದಕ್ಕೆ ಏನು ಮಾಡುತ್ತೀರಿ? ಬಿಚ್ಚಿದರೆ ಎರಡು ಕಣ್ಣಿನ ನೋಟ ಕೂಡದೆ ಹೋಗುವ ಭಯ ಬೇರೆ.

ಅಡುಗೆಮನೆಯ ಅಟ್ಟದ ಮೇಲೆ ಬೆಚ್ಚಗಿಟ್ಟು ನೋಡಿದೆ. ತೇವ ಕಮ್ಮಿಯಾಯಿತು, ಹೊಗೆಯ ಜಿಡ್ಡು ಹಿಡಿಯಿತು. ರಿಪೇರಿಗೆ ಕೇಳಿದ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊಸದನ್ನೇ ತಂದೆ. ಇದು ಒಳಗೆ ನೈಟ್ರೋಜನ್ ತುಂಬಿ ಸೀಲ್ ಮಾಡಿದ್ದು. ಈಗ ಗಾಳಿಯಾಡದ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ತೇವ ಕುಡಿದು ಅದು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಹಳೇ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ನೀಲಿ. ಆ ಬಾಣಲೆ ಅಡುಗೆಗೆ ಬೇಡ. ಮನೆಯವಳ ಕಟ್ಟಪ್ಪಣೆಯೂ ಅದೇ.

ತಗೊಳ್ಳುವುದಾದರೆ 8x, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವುದು, ಸಾಕು. 10x ಹಿಡಿದರೆ ಕೈನಡುಕವೂ ದೊಡ್ಡದಾಗಿ ಕಾಣುತ್ತದೆ.

ಪ್ರತಿ ರೇಸಿಗೂ ಆಡುವವರಿಗೆ ಸ್ಟಾಪ್‌ವಾಚೇ ಸರಿಯಿರಬಹುದು. ನಾನು ಹಾಗಲ್ಲ. ಬೆಟ್ಟಿನ ಪೂರ್ತಿ ಮೊತ್ತದ ಮೇಲೆ 28% ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರಿನಲ್ಲಿ ಅದು 40% ಆಯಿತು. ನನ್ನ ಜೇಬಿಗೆ ದಿನಕ್ಕೆ ಒಂದೆರಡು ಬೆಟ್ಟು ಮಾತ್ರ. ಉಳಿದ ರೇಸುಗಳನ್ನು ಸುಮ್ನೆ ನೋಡಿ ಬರೆದುಕೊಳ್ಳುತ್ತೇನೆ, ಅದಕ್ಕೆ ಬೈನಾಕ್ಯುಲರೇ ಬೇಕು.